ಒದ್ದೆ ಚೀಲಕ್ಕೆ ಹೊಡೆದ ಗುಂಡು ಏನನ್ನು ಸಾಬೀತುಪಡಿಸುತ್ತದೆ?

ಕಳೆದ ಹಿಂಗಾರಿನಲ್ಲಿ ಜೋಳದ ತಾಕುಗಳನ್ನು ನೋಡುವ ಕೆಲಸಕ್ಕೆಂದು ಸಿರುಗುಪ್ಪ ತಾಲ್ಲೂಕಿಗೆ ಹೋಗಿದ್ದೆ. ಕೆಲಸ ಮುಗಿಸಿ ಸಂಜೆ ಕುರುಗೋಡಿನ ಮಾರ್ಗವಾಗಿ ಬಳ್ಳಾರಿ ನಗರಕ್ಕೆ ಮರಳುತ್ತಿದ್ದಾಗ ಜೊತೆಗಿದ್ದ ರೈತಮಿತ್ರರೊಬ್ಬರು, “ಒಂದು ತಮಾಷೆ ತೋರಿಸ್ತೀನಿ ಬರ್ರಿ ಸಾರ್” ಎಂದು ದಾರಿ ಬಿಟ್ಟು ಪಾಳುಬಿದ್ದ ಕಲ್ಲುಗಣಿಯೊಂದಕ್ಕೆ ಕರೆದೊಯ್ದರು. ಅಲ್ಲಿ ನಾಲ್ವರು ಇದ್ದರು. ಒದ್ದೆ ಮಣ್ಣು ತುಂಬಿದ ಗೊಬ್ಬರದ ಚೀಲಗಳನ್ನು ಒಂದರ ಹಿಂದೊಂದು ಜೋಡಿಸಿ, ನಡುವೆ ಹಲಗೆಯ ತುಂಡುಗಳನ್ನು ಸಿಕ್ಕಿಸಿದ್ದರು. ಕೋವಿ ಹಾರಿತು. ಗಣಿಯ ಗೋಡೆಗಳಲ್ಲಿ ಸದ್ದು ಎರಡು ಮೂರು ಸಲ ಸುತ್ತಿ ಬಂತು. ಅವರಲ್ಲಿ ಕಿರಿಯವನು ಓಡಿಹೋಗಿ ಚೀಲವನ್ನು ಚಾಕುವಿನಿಂದ ಸೀಳಿ, ಟೇಪು ಹಿಡಿದು ಅಳೆದು ಕೂಗಿದ: “ಹೋದ ಸಲಕ್ಕಿಂತ ಎಲ್ಡಿಂಚು ಜಾಸ್ತಿ ಹೋಗೈತ್ರೀ!”

ಗುಂಡು ಅಂಗಡಿಯದಲ್ಲ. ಗುಜರಿಯ ಸೀಸವನ್ನು ಮನೆಯಲ್ಲೇ ಕರಗಿಸಿ ಎರಕ ಹೊಯ್ದದ್ದು. ಹಂದಿಯ ಹೆಗಲ ಚರ್ಮ ದಪ್ಪ, ಸಾಮಾನ್ಯ ಚರೆ ಅದನ್ನು ದಾಟುವುದಿಲ್ಲ. ಆದ್ದರಿಂದ ‘ದೊಡ್ಡ ಬೇಟೆಯ ಗುಂಡು’ ಬೇಕು ಎಂಬುದು ಅವರ ವಾದ. ಹುಡುಗ ನನಗೆ ಒಂದು ನೋಟುಬುಕ್ಕು ತೋರಿಸಿದ. ದಿನಾಂಕ, ಗುಂಡಿನ ತೂಕ, ದೂರ, ಒಳಹೊಕ್ಕ ಆಳ ಎಂದು ನಾಲ್ಕು ಅಂಕಣಗಳು, ದುಂಡನೆಯ ಅಕ್ಷರಗಳು. ನನ್ನ ಬಳಿ ಸಂಶೋಧನೆಗೆ ಬರುವ ಕೆಲವು ವಿದ್ಯಾರ್ಥಿಗಳಿಗಿಂತ ಅಚ್ಚುಕಟ್ಟಾಗಿ ಬರೆದಿದ್ದ ಎಂದು ಒಪ್ಪಿಕೊಳ್ಳಲೇಬೇಕು. ಈ ಲೇಖನಕ್ಕೆ ಕಾರಣವಾದದ್ದು ಆ ನೋಟುಬುಕ್ಕು. ಅಜ್ಞಾನದಿಂದ ಆಗುವ ಅನಾಹುತವನ್ನು ತಿಳಿವಳಿಕೆಯಿಂದ ತಡೆಯಬಹುದು. ಆದರೆ ತಪ್ಪು ಪ್ರಶ್ನೆಯನ್ನು ಶ್ರದ್ಧೆಯಿಂದ ಅಳೆಯುವವನನ್ನು ತಡೆಯುವುದು ಕಷ್ಟ, ಏಕೆಂದರೆ ಅವನ ಕೈಯಲ್ಲಿ ಅಂಕಿಗಳಿರುತ್ತವೆ.

ಮೊದಲಿಗೇ ಒಂದು ಮಾತು. ಬಯಲುಸೀಮೆಯ ರೈತನಿಗೆ ಮಲೆನಾಡಿನವನು ಉಪದೇಶ ಮಾಡುವ ಲೇಖನ ಇದಲ್ಲ. ನಮ್ಮ ಮನೆಯ ಅಟ್ಟದ ಮೇಲೂ ಅಜ್ಜನ ಕೇಪಿನ ಕೋವಿ ಇತ್ತು. ಆ ಕಥೆಗೆ ಮುಂದೆ ಬರುತ್ತೇನೆ.

ಪರೀಕ್ಷೆ ಎಂದರೇನು?

ಕೃಷಿ ವಿಜ್ಞಾನದಲ್ಲಿ ನಾವು ಮೊದಲ ವರ್ಷವೇ ಕಲಿಯುವ ಪಾಠವೊಂದಿದೆ. ಒದ್ದೆ ಕಾಗದದ ಸುರುಳಿಯಲ್ಲಿ ನೂರಕ್ಕೆ ತೊಂಬತ್ತೆಂಟು ಬೀಜ ಮೊಳೆತರೆ ಹೊಲದಲ್ಲಿಯೂ ಅಷ್ಟೇ ಹುಟ್ಟುತ್ತವೆ ಎಂದು ಅರ್ಥವಲ್ಲ. ಹೊಲದಲ್ಲಿ ಹೆಪ್ಪುಗಟ್ಟಿದ ಎರೆಮಣ್ಣಿದೆ, ಇರುವೆ ಇದೆ, ತಪ್ಪಿದ ಮಳೆ ಇದೆ. ಆದ್ದರಿಂದಲೇ ಪ್ರಯೋಗಾಲಯದಲ್ಲಿ ಗೆದ್ದ ತಳಿಯನ್ನು ಹಲವು ಕಡೆ, ಹಲವು ಹಂಗಾಮು ಬೆಳೆದು, ಪಕ್ಕದಲ್ಲಿ ಹೋಲಿಕೆಯ ತಾಕು ಇಟ್ಟು ನೋಡದೆ ರೈತನ ಕೈಗೆ ಕೊಡುವುದಿಲ್ಲ.

ಗುಂಡಿನ ವಿಷಯದಲ್ಲಿಯೂ ಜಗತ್ತು ಈ ಪಾಠವನ್ನು ಕಲಿತೇ ಇದೆ. ಗಾಯಗಳ ಅಧ್ಯಯನ ನಡೆಸುವ ಪ್ರಯೋಗಾಲಯಗಳಲ್ಲಿ ಶೇಕಡಾ 10ರ ಜಿಲೆಟಿನ್ ಗಟ್ಟಿಯನ್ನು 4 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಇಟ್ಟು, ಮೊದಲು ಸಣ್ಣ ಉಕ್ಕಿನ ಗುಂಡೊಂದನ್ನು ಗೊತ್ತಾದ ವೇಗದಲ್ಲಿ ಹೊಡೆದು, ಆ ಗಟ್ಟಿಯೇ ಸರಿಯಾಗಿದೆಯೇ ಎಂದು ನೋಡುತ್ತಾರೆ. ಅಂದರೆ ಗುಂಡನ್ನು ಪರೀಕ್ಷಿಸುವ ಮೊದಲು ಅಳತೆಗೋಲನ್ನು ಪರೀಕ್ಷಿಸುತ್ತಾರೆ. ಇಷ್ಟೆಲ್ಲ ಮಾಡಿಯೂ ಆ ಜಿಲೆಟಿನ್ ಸ್ನಾಯುವನ್ನು ಮಾತ್ರ ಪ್ರತಿನಿಧಿಸುತ್ತದೆ. ಚರ್ಮವನ್ನಲ್ಲ, ಮೂಳೆಯನ್ನಲ್ಲ, ಗಾಳಿ ತುಂಬಿದ ಶ್ವಾಸಕೋಶವನ್ನಲ್ಲ. 1904ರಲ್ಲಿ ಅಮೆರಿಕದ ಸೇನೆಯ ಥಾಂಪ್ಸನ್ ಮತ್ತು ಲಾ ಗಾರ್ಡ್ ಎಂಬ ಅಧಿಕಾರಿಗಳು ಷಿಕಾಗೋದ ಕಸಾಯಿಖಾನೆಯಲ್ಲಿ ಜೀವಂತ ದನಗಳ ಮೇಲೆಯೇ ಗುಂಡು ಹಾರಿಸಿ ಫಲಿತಾಂಶ ಬರೆದರು. ಅವರ ವಿಧಾನ ಸರಿಯೇ ಎಂಬ ವಾದ ನೂರು ವರ್ಷ ಕಳೆದರೂ ನಿಂತಿಲ್ಲ. ಹಾಗಿರುವಾಗ ಕುರುಗೋಡಿನ ಗಣಿಯ ಗೊಬ್ಬರದ ಚೀಲ ಯಾವುದನ್ನು ಪ್ರತಿನಿಧಿಸುತ್ತದೆ? ಗೊಬ್ಬರದ ಚೀಲವನ್ನು, ಅಷ್ಟೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ಆಳ ಹೆಚ್ಚಿದಷ್ಟೂ ಗುಂಡು ಒಳ್ಳೆಯದು ಎಂಬ ಊಹೆಯೇ ತಪ್ಪು. ಗಟ್ಟಿ ಗುಂಡು ರೂಪ ಕೆಡದೆ ಆಳಕ್ಕೆ ಹೋಗುತ್ತದೆ, ಆದರೆ ಇಕ್ಕಟ್ಟಾದ ಗಾಯ ಮಾಡುತ್ತದೆ. ಮೆದು ಗುಂಡು ಒಳಗೆ ಅರಳಿ ಅಗಲವಾದ ಗಾಯ ಮಾಡುತ್ತದೆ, ಆದರೆ ಆಳಕ್ಕೆ ಹೋಗುವುದಿಲ್ಲ. ಕಲ್ಕತ್ತೆಯ ಹತ್ತಿರದ ಡಂಡಂ ಶಸ್ತ್ರಾಗಾರದಲ್ಲಿ 1890ರ ದಶಕದಲ್ಲಿ ಬ್ರಿಟಿಷರು ಅರಳುವ ಗುಂಡುಗಳನ್ನು ಮಾಡಿದರು. ಅವು ಎಷ್ಟು ಕ್ರೂರವಾಗಿದ್ದವೆಂದರೆ 1899ರ ಹೇಗ್ ಘೋಷಣೆ ಯುದ್ಧದಲ್ಲಿ ಅವುಗಳ ಬಳಕೆಯನ್ನೇ ನಿಷೇಧಿಸಿತು. ಹೀಗೆ ಒಂದು ಗುಣ ಹೆಚ್ಚಿದರೆ ಇನ್ನೊಂದು ಕುಗ್ಗುತ್ತದೆ. ನೋಟುಬುಕ್ಕಿನಲ್ಲಿ ‘ಎರಡಿಂಚು ಜಾಸ್ತಿ’ ಎಂದು ಬರೆದ ಗುಂಡು, ಹಂದಿಯ ಮೈಯನ್ನು ತೂರಿ ಆಚೆ ಹೋಗಿ, ಹಂದಿ ಇನ್ನೆರಡು ಮೈಲಿ ಓಡಿ ಬಳ್ಳಾರಿ ಜಾಲಿಯ ಮೆಳೆಯಲ್ಲಿ ಮೂರು ದಿನ ನರಳಿ ಸಾಯುವಂತೆ ಮಾಡುವ ಗುಂಡೂ ಆಗಿರಬಹುದು. ಆ ಮೂರು ದಿನಗಳನ್ನು ಬರೆಯಲು ನೋಟುಬುಕ್ಕಿನಲ್ಲಿ ಅಂಕಣವಿಲ್ಲ.

ಪ್ರಾಣಿಯನ್ನು ಗಾಯಗೊಳಿಸಿ ಬಿಡುವುದಕ್ಕೆ ಮುಖ್ಯ ಕಾರಣ ಗುಂಡಿನ ಆಳವಲ್ಲ, ಗುಂಡು ಬಿದ್ದ ಜಾಗ. ರಾತ್ರಿ ಹನ್ನೊಂದರ ಹೊತ್ತಿಗೆ, ತಲೆಗೆ ಕಟ್ಟಿದ ಬ್ಯಾಟರಿಯ ಬೆಳಕಿನಲ್ಲಿ, ಓಡುವ ಪ್ರಾಣಿಗೆ, ನಡುಗುವ ಕೈಯಿಂದ, ಒಂದೊಂದೂ ಒಂದೊಂದು ತೂಕವಿರುವ ಮನೆಯ ಎರಕದ ಗುಂಡು ಹೊಡೆದರೆ ಅದು ಎಲ್ಲಿ ಬೀಳುತ್ತದೆ? ಇದನ್ನು ಹಗಲು ಹೊತ್ತಿನಲ್ಲಿ ಅಲುಗಾಡದ ಚೀಲ ಹೇಳಲಾರದು. ನಾನು ಆ ಹುಡುಗನನ್ನು ಕೇಳಿದೆ: “ಹೋದ ವರ್ಷ ಎಷ್ಟಕ್ಕೆ ಗುಂಡು ತಾಗಿತು? ಎಷ್ಟು ಸಿಕ್ಕವು?” ಅವನು ಬೆರಳು ಮಡಿಸತೊಡಗಿದ. ಅರ್ಧಕ್ಕೇ ನಿಲ್ಲಿಸಿ ಜೊತೆಗಾರರ ಮುಖ ನೋಡಿದ. ಯಾರೂ ಮಾತನಾಡಲಿಲ್ಲ.

ಬಯಲಿಗೆ ಬೆನ್ನಿಲ್ಲ

ಮಲೆನಾಡಿನಲ್ಲಿ ತಪ್ಪಿದ ಗುಂಡಿಗೆ ಸಾಮಾನ್ಯವಾಗಿ ಒಂದು ಧರೆ, ಒಂದು ಮರ, ಒಂದು ಗುಡ್ಡ ಅಡ್ಡ ಸಿಗುತ್ತದೆ. ಅಷ್ಟಿದ್ದೂ ಹಂದಿ ಎಂದುಕೊಂಡು ಮನುಷ್ಯನಿಗೆ ಹೊಡೆದ ಕಥೆ ಇಲ್ಲದ ಹೋಬಳಿ ನಮ್ಮಲ್ಲಿ ಅಪರೂಪ. ಸಿರುಗುಪ್ಪದ ಎರೆಬಯಲಿನಲ್ಲಿ ಏನಿದೆ? ಕಣ್ಣು ಹಾಯುವವರೆಗೆ ಜೋಳ, ಹತ್ತಿ, ಮೆಣಸಿನಕಾಯಿ; ತುಂಗಭದ್ರಾ ಕಾಲುವೆಯ ನೀರು ಬಂದ ಕಡೆ ಭತ್ತ. ಕುರುಗೋಡಿನ ಕಲ್ಲುಬೆಟ್ಟ ದಾಟಿದರೆ ಗುಂಡನ್ನು ತಡೆಯುವ ಒಂದು ದಿಣ್ಣೆಯೂ ಸಿಗದ ಹೊಲಗಳು ಎಷ್ಟೋ. ಆ ಬಯಲು ಖಾಲಿಯೂ ಅಲ್ಲ. ಮೆಣಸಿನಕಾಯಿ ಕಣ ಕಾಯುವವರು ಅಲ್ಲೇ ಮಲಗುತ್ತಾರೆ. ಕುರಿಗಾರರು ಕೊಯ್ಲಾದ ಹೊಲದಲ್ಲಿ ಮಂದೆ ತರುಬಿ, ಬಲೆಯ ಪಕ್ಕದಲ್ಲಿ ಮಕ್ಕಳೊಂದಿಗೆ ಕಂಬಳಿ ಹೊದ್ದಿರುತ್ತಾರೆ. ನೀರು ಕಟ್ಟುವವನು ನಡುರಾತ್ರಿ ವಿದ್ಯುತ್ ಬಂದಾಗ ಬದುವಿನ ಮೇಲೆ ಓಡಾಡುತ್ತಿರುತ್ತಾನೆ. ರೈಫಲ್ಲಿನ ಗುಂಡು ಕಿಲೋಮೀಟರುಗಟ್ಟಲೆ ಹೋಗಬಲ್ಲದು. ಹಂದಿಯನ್ನು ತೂರಿ ಆಚೆ ಹೋಗುವಂಥ ಗುಂಡನ್ನೇ ಬಯಸಿ ಪರೀಕ್ಷೆ ಮಾಡುವವರು, ಆ ‘ಆಚೆ’ಯಲ್ಲಿ ಯಾರಿದ್ದಾರೆ ಎಂದು ಯೋಚಿಸಿದ್ದಾರೆಯೇ?

ಕಾನೂನಿನ ಮಾತನ್ನು ಚಿಕ್ಕದಾಗಿ ಮುಗಿಸುತ್ತೇನೆ. ಪರವಾನಗಿ ಇಲ್ಲದೆ ಕೋವಿಯನ್ನಾಗಲಿ ಮದ್ದುಗುಂಡನ್ನಾಗಲಿ ತಯಾರಿಸುವುದನ್ನು 1959ರ ಆಯುಧ ಕಾಯ್ದೆಯ 5ನೆಯ ಕಲಮು ನಿಷೇಧಿಸುತ್ತದೆ. ಬೆಳೆ ರಕ್ಷಣೆಗೆಂದು ಕೋವಿಯ ಪರವಾನಗಿ ಪಡೆದವನಿಗೆ ಗುಂಡಿನ ಕಾರ್ಖಾನೆ ನಡೆಸುವ ಅಧಿಕಾರ ಬರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೆಯ ಕಲಮು ಬೇಟೆಯನ್ನು ನಿಷೇಧಿಸಿದೆ. 2022ರ ತಿದ್ದುಪಡಿಯ ನಂತರ ಚಿರತೆ, ಕರಡಿ, ಕೃಷ್ಣಮೃಗ ಮೊದಲನೆಯ ಅನುಸೂಚಿಯಲ್ಲಿಯೂ, ಕಾಡುಹಂದಿ ಎರಡನೆಯದರಲ್ಲಿಯೂ ಇವೆ. ಕಾನೂನು ಗೊತ್ತಿಲ್ಲದೆ ಯಾರೂ ಕೋವಿ ಹಿಡಿದಿಲ್ಲ. ಗೊತ್ತಿದ್ದೂ ಹಿಡಿಯುತ್ತಾರೆ, ಏಕೆಂದರೆ ಅವರ ಬೆಳೆ ಹೋಗಿದೆ. ಆ ನೋವಿಗೆ ಉತ್ತರ ಕೊಡದೆ ಕಲಮುಗಳನ್ನು ಎಣಿಸಿದರೆ ಪ್ರಯೋಜನವಿಲ್ಲ.

ಗುಂಡು ನಿಂತ ಮೇಲೆ ಸೀಸ ಹೊರಡುತ್ತದೆ

ಚೀಲದೊಳಗೆ ಗುಂಡು ನಿಂತ ಜಾಗದಲ್ಲಿ ಅವರ ಅಳತೆ ಮುಗಿಯುತ್ತದೆ. ಮಣ್ಣಿನ ವಿಜ್ಞಾನಿಯ ಅಳತೆ ಅಲ್ಲಿಂದಲೇ ಆರಂಭ. ಸೀಸ 327 ಡಿಗ್ರಿ ಶಾಖಕ್ಕೆ ಕರಗುತ್ತದೆ. ಮನೆಯ ಒಲೆಯೇ ಸಾಕು. ಅದೇ ಅದರ ಅಪಾಯ. ಎರಕ ಹೊಯ್ಯುವ ಅಂಗಳದಲ್ಲಿ ಮಗು ಅಂಬೆಗಾಲಿಡುತ್ತದೆ, ಧೂಳು ಬೆರಳಿಗೆ ಹತ್ತುತ್ತದೆ, ಬೆರಳು ಬಾಯಿಗೆ ಹೋಗುತ್ತದೆ. ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಅಪಾಯವಿಲ್ಲ ಎನ್ನಬಹುದಾದ ಪ್ರಮಾಣವೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೊದಲ ಏಟು ಮಕ್ಕಳ ಮಿದುಳಿಗೆ. ಈ ದೇಶ 2000ದಲ್ಲಿ ಪೆಟ್ರೋಲಿನ ಸೀಸವನ್ನು ಹೊರಗೆ ಹಾಕಿತು. ಮನೆಯ ಬಣ್ಣದಲ್ಲಿ ಹತ್ತು ಲಕ್ಷಕ್ಕೆ 90 ಪಾಲಿಗಿಂತ ಹೆಚ್ಚು ಸೀಸ ಇರಬಾರದೆಂದು 2016ರ ನಿಯಮ ಹೇಳಿತು. ಸರ್ಕಾರ ಮುಂಬಾಗಿಲಿನಿಂದ ಹೊರಹಾಕಿದ ವಿಷವನ್ನು ನಾವು ಹಿತ್ತಿಲಿನಿಂದ ಒಳಕ್ಕೆ ಕರೆಯುತ್ತಿದ್ದೇವೆ.

ಇನ್ನು ಪ್ರಾಣಿಯ ಮೈಯಲ್ಲಿ. ಸೀಸದ ಗುಂಡು ಮೂಳೆಗೆ ಬಡಿದಾಗ ಒಡೆಯುತ್ತದೆ. ರೈಫಲ್ ಗುಂಡಿನಿಂದ ಸತ್ತ ಜಿಂಕೆಗಳ ದೇಹವನ್ನು ಅಮೆರಿಕದಲ್ಲಿ ಎಕ್ಸ್-ರೇ ತೆಗೆದು ನೋಡಿದಾಗ ನೂರಾರು ಚೂರುಗಳು ಮಾಂಸದಲ್ಲಿ, ಕರುಳಿನಲ್ಲಿ ಹರಡಿರುವುದು ಕಂಡಿತು. ಅವುಗಳಲ್ಲಿ ಎಷ್ಟೋ ಕಣ್ಣಿಗೆ ಕಾಣದಷ್ಟು, ನಾಲಿಗೆಗೆ ತಿಳಿಯದಷ್ಟು ಸಣ್ಣವು. ಅಲ್ಲಿನ ಕಾಂಡೋರ್ ಎಂಬ ರಣಹದ್ದು ಅಳಿವಿನ ಅಂಚಿನಿಂದ ಹಿಂದಿರುಗಿದ ಮೇಲೂ, ಬೇಟೆಗಾರರು ಬಿಟ್ಟ ಕರುಳು ತಿಂದು ಸೀಸದ ವಿಷಕ್ಕೆ ಸಾಯುತ್ತಲೇ ಇತ್ತು. ಕೊನೆಗೆ ಕ್ಯಾಲಿಫೋರ್ನಿಯಾ ರಾಜ್ಯ 2019ರ ಜುಲೈನಿಂದ ಬೇಟೆಗೆ ಸೀಸದ ಗುಂಡನ್ನೇ ನಿಷೇಧಿಸಿತು. ಡೆನ್ಮಾರ್ಕ್ 1996ರಲ್ಲಿಯೇ ಸೀಸದ ಚರೆಯನ್ನು ನಿಷೇಧಿಸಿತ್ತು. ಬೇಟೆ ಕಾನೂನುಬದ್ಧವಾಗಿರುವ ದೇಶಗಳೇ ಸೀಸವನ್ನು ಬಿಡುತ್ತಿವೆ. ಬೇಟೆ ನಿಷಿದ್ಧವಾದ ನಮ್ಮಲ್ಲಿ ಹುಡುಗರು ಸೀಸದ ಎರಕ ಹೊಯ್ಯುವುದನ್ನು ಕಲಿಯುತ್ತಿದ್ದಾರೆ.

ಒಂದು ಔಷಧಿ ರಣಹದ್ದುಗಳ ಸಂತತಿಯನ್ನೇ ನುಂಗಿದ ಕಥೆ ಈ ಪತ್ರಿಕೆಯ ಓದುಗರಿಗೆ ಹೊಸದಲ್ಲ. ದನಗಳ ನೋವಿಗೆ ಕೊಟ್ಟ ಡೈಕ್ಲೊಫೆನಾಕ್ ಸತ್ತ ದನದ ಮಾಂಸದ ಮೂಲಕ ಹದ್ದುಗಳ ಮೂತ್ರಪಿಂಡಕ್ಕೆ ಹೋಗುತ್ತದೆ ಎಂದು 2004ರಲ್ಲಿ ತಿಳಿಯುವ ಹೊತ್ತಿಗೆ ಲಕ್ಷಗಟ್ಟಲೆ ಹಕ್ಕಿಗಳು ಹೋಗಿದ್ದವು. 2006ರಲ್ಲಿ ಪಶುಚಿಕಿತ್ಸೆಗೆ ಅದನ್ನು ನಿಷೇಧಿಸಿದರು, 2012ರಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು ರಣಹದ್ದು ಧಾಮ ಮಾಡಿದರು. ಹೋದ ಹಕ್ಕಿಗಳು ಮರಳಲಿಲ್ಲ. ಔಷಧಿ ಕೊಟ್ಟ ರೈತನ ಮನಸ್ಸಿನಲ್ಲಿ ಕೇಡಿರಲಿಲ್ಲ. ಸೂಜಿ ಚುಚ್ಚಿದ ಮೇಲೆ ಔಷಧಿ ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳಿರಲಿಲ್ಲ, ಅಷ್ಟೆ. ಸಿಗದೆ ಹೋದ ಹಂದಿಯನ್ನು ತಿನ್ನುವ ನರಿ, ತೋಳ, ಹದ್ದುಗಳ ವಿಷಯದಲ್ಲಿ ನಾವು ಅದೇ ಪ್ರಶ್ನೆಯನ್ನು ಕೇಳದೆ ಕುಳಿತಿದ್ದೇವೆ.

ಎರೆಭೂತದ ನೆಲ

ಇಷ್ಟೂ ಎಲ್ಲ ಊರಿಗೂ ಸಲ್ಲುವ ಮಾತು. ಸಿರುಗುಪ್ಪಕ್ಕೆ ಮಾತ್ರ ಸಲ್ಲುವ ಮಾತು ಇನ್ನೊಂದಿದೆ. ಆ ಎರೆಹೊಲಗಳಲ್ಲಿ ಎರೆಭೂತ ಇದೆ. ಸುಮಾರು ಒಂದು ಮೀಟರು ಎತ್ತರ ನಿಲ್ಲುವ, ಹತ್ತು ಹದಿನೈದು ಕಿಲೋ ತೂಗುವ, ಹಾರಬಲ್ಲ ಹಕ್ಕಿಗಳಲ್ಲಿ ಅತಿ ಭಾರದವುಗಳಲ್ಲಿ ಒಂದಾದ ಈ ಹಕ್ಕಿ ಇಂದು ಜಗತ್ತಿನಲ್ಲಿ ಉಳಿದಿರುವುದೇ ನೂರೈವತ್ತರ ಒಳಗೆ, ಬಹುಪಾಲು ರಾಜಸ್ಥಾನದ ಜೈಸಲ್ಮೇರಿನಲ್ಲಿ. ಕರ್ನಾಟಕದಲ್ಲಿ ಉಳಿದವು ಬೆರಳೆಣಿಕೆಯಷ್ಟು. ಅವುಗಳ ನೆಲೆ ಸಿರುಗುಪ್ಪದ ಬಯಲು. 2011ರಲ್ಲಿ ಅಂತರರಾಷ್ಟ್ರೀಯ ಕೆಂಪುಪಟ್ಟಿ ಇದನ್ನು ತೀವ್ರ ಅಪಾಯದ ವರ್ಗಕ್ಕೆ ಸೇರಿಸಿತು. ಅದು ಮೊಟ್ಟೆಯಿಡುವುದು ಬರಿನೆಲದ ಮೇಲೆ, ಸಾಮಾನ್ಯವಾಗಿ ವರ್ಷಕ್ಕೆ ಒಂದೇ. ಯಾವ ಹಳ್ಳಿಯ ಎಲ್ಲೆಯಲ್ಲಿ ಕಾಣಿಸುತ್ತದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಕಾರಣ ಓದುಗರಿಗೆ ಅರ್ಥವಾಗುತ್ತದೆ.

ಈ ಹಕ್ಕಿಯನ್ನು ಈ ಸ್ಥಿತಿಗೆ ತಂದದ್ದರಲ್ಲಿ ಕೋವಿಯ ಪಾಲು ದೊಡ್ಡದು. ಅಹಮದ್‌ನಗರದ ಬಯಲಿನಲ್ಲಿ ರಾಬರ್ಟ್ ಮ್ಯಾನ್ಸ್‌ಫೀಲ್ಡ್ ಎಂಬ ಒಬ್ಬನೇ ಇಂಗ್ಲಿಷ್ ಬೇಟೆಗಾರ 1809ರಿಂದ 1829ರವರೆಗೆ 961 ಹಕ್ಕಿಗಳನ್ನು ಹೊಡೆದ ಲೆಕ್ಕ ಉಳಿದಿದೆ. ಅವನೂ ನೋಟುಬುಕ್ಕು ಇಟ್ಟವನೇ. ಕೋವಿಯಿಂದ ಉಳಿದದ್ದನ್ನು ನಮ್ಮ ಯೋಜನೆಗಳು ಕಳೆದವು. 1974ರಲ್ಲಿ ಘೋಷಿತವಾದ ರಾಣೆಬೆನ್ನೂರು ಅಭಯಾರಣ್ಯದಲ್ಲಿ ಕೃಷ್ಣಮೃಗದ ಜೊತೆಗೆ ಈ ಹಕ್ಕಿಯೂ ಇತ್ತು. ಹುಲ್ಲುಗಾವಲನ್ನು ಪಾಳುಭೂಮಿ ಎಂದು ಕರೆದು ನೀಲಗಿರಿ ಬೆಳೆಸಿದೆವು; ಹಕ್ಕಿ ಹೋಯಿತು. ಪಶ್ಚಿಮದಲ್ಲಿ ವಿದ್ಯುತ್ ತಂತಿಗೆ ಬಡಿದು ಸಾಯುವ ಹಕ್ಕಿಗಳಿಗಾಗಿ ಸುಪ್ರೀಂ ಕೋರ್ಟು 2021ರಲ್ಲಿ ತಂತಿಗಳನ್ನು ನೆಲದಡಿಗೆ ಹಾಕಲು ಆದೇಶಿಸಿ, 2024ರಲ್ಲಿ ಆ ಆದೇಶವನ್ನು ಸಡಿಲಿಸಿತು.

ಹಂದಿಗೆ ಹೊಂಚುವವನು ಎರೆಭೂತಕ್ಕೆ ಗುರಿಯಿಡುತ್ತಾನೆ ಎಂದು ನಾನು ಆರೋಪಿಸುವುದಿಲ್ಲ. ಬಹುತೇಕ ರೈತರು ಆ ಹಕ್ಕಿಯನ್ನು ಕಂಡರೆ ಸುಮ್ಮನೆ ನಿಂತು ನೋಡುವವರು. ಅದು ಬೆಳೆಯ ಹುಳು, ಮಿಡತೆ ತಿಂದು ಉಪಕಾರ ಮಾಡುತ್ತದೆ ಎಂದು ತಿಳಿದವರು. ಆದರೆ ಬೆರಳೆಣಿಕೆಯಷ್ಟು ಹಕ್ಕಿ ಉಳಿದ ಬಯಲಿನಲ್ಲಿ ರಾತ್ರಿ ರಾತ್ರಿ ಕೋವಿಯ ಸದ್ದು, ಬ್ಯಾಟರಿಯ ಬೆಳಕು, ಗಾಯಗೊಂಡ ಹಂದಿಯನ್ನು ಅಟ್ಟುವ ನಾಯಿಗಳು ಓಡಾಡಿದರೆ, ಬರಿನೆಲದ ಮೇಲಿನ ಆ ಒಂದೇ ಮೊಟ್ಟೆಯ ಗತಿ ಏನು? ಅಲ್ಲಿ ತಪ್ಪಿಗೆ ಎರಡನೆಯ ಅವಕಾಶವಿಲ್ಲ.

ನಮ್ಮ ಅಟ್ಟದ ಕೋವಿ

ಇನ್ನು ನಮ್ಮ ಮನೆಯ ವಿಷಯ. ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ಅಜ್ಜ ಅಡಿಕೆ ತೋಟದ ಬೇಲಿಯ ಬಳಿ ಒಂದು ಹೆಣ್ಣುಹಂದಿಗೆ ಹೊಡೆದರು. ವನ್ಯಜೀವಿ ಕಾಯ್ದೆ ಬಂದು ಹತ್ತು ವರ್ಷದ ಮೇಲಾಗಿತ್ತು. ನಮ್ಮೂರಿಗೆ ಅದು ಇನ್ನೂ ಬಂದಿರಲಿಲ್ಲ. ಗುಂಡು ತಾಗಿತೆಂದು ಅಜ್ಜ ಆಣೆ ಮಾಡಿ ಹೇಳಿದರು. ರಕ್ತದ ಜಾಡು ಹಳ್ಳದವರೆಗೆ ಸಿಕ್ಕಿ ಮಾಯವಾಯಿತು. ಐದನೆಯ ದಿನ ಹಳ್ಳದ ಮೇಲ್ಗಡೆಯಿಂದ ವಾಸನೆ ಬಂತು. ಹಂದಿಯ ಹೊಟ್ಟೆಯ ಹತ್ತಿರ ಗಾಯ. ಪಕ್ಕದಲ್ಲಿ ಪಟ್ಟೆಪಟ್ಟೆಯ ಮೂರು ಮರಿಗಳು ಸತ್ತು ಬಿದ್ದಿದ್ದವು. ಇನ್ನೊಂದು ಸತ್ತ ತಾಯಿಯ ಕೆಚ್ಚಲು ತಡಕುತ್ತಿತ್ತು. ನಾವು ಕುಡಿಯುವ ನೀರು ಆ ಹಳ್ಳದ್ದೇ. ಅಜ್ಜ ಅಂದು ಏನೂ ಹೇಳಲಿಲ್ಲ. ಆಮೇಲೆ ಕೋವಿ ಅಟ್ಟದಿಂದ ಇಳಿದದ್ದನ್ನು ನಾನು ನೋಡಲಿಲ್ಲ, ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಲು ಹೊರತು.

ಮಲೆನಾಡಿನ ನಾವು ಶಿಕಾರಿಯ ಕಥೆಯನ್ನು ಹೆಮ್ಮೆಯಿಂದ ಹೇಳುತ್ತೇವೆ, ಕೇಳುತ್ತೇವೆ. ಕೆನೆತ್ ಆಂಡರ್ಸನ್ನರ ಕಾಡಿನ ಕಥೆಗಳನ್ನು ತೇಜಸ್ವಿಯವರ ಕನ್ನಡದಲ್ಲಿ ಓದಿ ಬೆಳೆದವರು ನಾವು. ಆ ಬಗೆಯ ಪುಸ್ತಕಗಳನ್ನು ಸರಿಯಾಗಿ ಓದಿದರೆ ತಿಳಿಯುವುದೇನು? ನರಭಕ್ಷಕಗಳಲ್ಲಿ ಎಷ್ಟೋ ಹುಟ್ಟಿದ್ದು ಅರೆಬರೆ ತಾಗಿದ ಗುಂಡಿನಿಂದ. ಜಿಮ್ ಕಾರ್ಬೆಟ್ 1907ರಲ್ಲಿ ಕೊಂದ ಚಂಪಾವತದ ಹೆಣ್ಣುಹುಲಿಯ ಬಲಬದಿಯ ಮೇಲಿನ, ಕೆಳಗಿನ ಕೋರೆಹಲ್ಲುಗಳು ಹಳೆಯ ಗುಂಡೇಟಿಗೆ ಮುರಿದಿದ್ದವು. ಆ ಹುಲಿಗೆ ಬಲಿಯಾದವರು 436 ಜನ ಎಂಬುದು ಕಾರ್ಬೆಟ್ ಕೊಟ್ಟ ಲೆಕ್ಕ. ಆ ಹಳೆಯ ಗುಂಡನ್ನು ಹೊಡೆದವನ ಹೆಸರು ಯಾರಿಗೂ ಗೊತ್ತಿಲ್ಲ. ಕುರುಗೋಡು, ಬಳ್ಳಾರಿಯ ಕಲ್ಲುಗುಡ್ಡಗಳಲ್ಲಿ ಚಿರತೆಯೂ ಕರಡಿಯೂ ಇವೆ. ಹಂದಿಗೆಂದು ಹೊಡೆದ ಗುಂಡು ಕತ್ತಲಲ್ಲಿ ಕರಡಿಗೆ ತಾಗಿ ಅದು ಬದುಕಿ ಉಳಿದರೆ, ಮರುದಿನ ಸೌದೆಗೆ ಹೋದ ಹೆಂಗಸು ಅದರ ಬೆಲೆ ತೆರುತ್ತಾಳೆ.

ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ಕೋವಿ ಪರವಾನಗಿಯ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಿತು, ಹೈಕೋರ್ಟು 2021ರಲ್ಲಿ ಎತ್ತಿಹಿಡಿಯಿತು. ಅದು ಒಂದು ಸಂಸ್ಕೃತಿಯ ಗೌರವದ ಪ್ರಶ್ನೆ. ಅದಕ್ಕೆ ನನ್ನ ತಕರಾರಿಲ್ಲ. ಗೌರವದ ಕೋವಿಗೂ ಗುಜರಿ ಸೀಸದ ಗುಂಡಿಗೂ ಸಂಬಂಧವಿಲ್ಲ ಎಂದು ಮೊದಲು ಹೇಳಬೇಕಾದವರು ಕೋವಿ ಇಟ್ಟುಕೊಂಡ ನಾವೇ.

“ನಮ್ಮ ಬೆಳಿ ನೀವು ಕಾಯ್ತೀರೇನು?”

ಗಣಿಯಲ್ಲಿ ನಾನು ಇಷ್ಟರಲ್ಲಿ ಸ್ವಲ್ಪ ಹೇಳುವಷ್ಟರಲ್ಲೇ ಹಿರಿಯರೊಬ್ಬರು ತಡೆದು ಕೇಳಿದರು: “ಎಲ್ಲ ಖರೇ ಸಾರ್. ಒಂದೇ ರಾತ್ರಿಗೆ ಅರ್ಧ ಎಕರೆ ಶೇಂಗಾ ಕೆದರಿ ಹೋಗ್ತಾವು. ನಮ್ಮ ಬೆಳಿ ನೀವು ಬಂದು ಕಾಯ್ತೀರೇನು?” ಇದು ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಕೊಡದ ಪರಿಸರವಾದಿಗೆ ರೈತನ ಮುಂದೆ ನಿಲ್ಲುವ ಹಕ್ಕಿಲ್ಲ.

ಕೋವಿ ಬೆಳೆ ಕಾಯುವುದಿಲ್ಲ ಎಂಬುದು ನನ್ನ ಮೊದಲ ಉತ್ತರ. ಹಂದಿ ಒಂದು ಸೂಲಿಗೆ ನಾಲ್ಕಾರು ಮರಿ ಹಾಕುವ ಪ್ರಾಣಿ. ವರ್ಷಕ್ಕೆ ಮೂರೋ ನಾಲ್ಕೋ ಹೊಡೆದರೆ ಅದರ ಸಂಖ್ಯೆ ಇಳಿಯುವುದಿಲ್ಲ. ಹೆದರಿದ ಹಿಂಡು ಪಕ್ಕದವನ ಹೊಲಕ್ಕೆ ಹೋಗುತ್ತದೆ, ಅಷ್ಟೆ. ಹಂದಿ ಇರುವುದು ಎಲ್ಲಿ? ಕಾಡಿಲ್ಲದ ತಾಲ್ಲೂಕಿನಲ್ಲಿ ಅದಕ್ಕೆ ಕಾಡು ಒದಗಿಸಿದವರು ಯಾರು? ಕಾಲುವೆಯ ಏರಿ, ಕೆರೆಯಂಗಳ, ಹಳ್ಳದ ದಂಡೆಗಳನ್ನೆಲ್ಲ ತುಂಬಿದ ಜಾಲಿ. ಹೊರದೇಶದಿಂದ ಬಂದು ಈ ಜಿಲ್ಲೆಯ ಹೆಸರನ್ನೇ ಪಡೆದ ಬಳ್ಳಾರಿ ಜಾಲಿ ಹಗಲು ಹೊತ್ತು ಹಂದಿಗೆ ಕೋಟೆ. ರಾತ್ರಿ ಅದು ಕೋಟೆಯಿಂದ ನೇರವಾಗಿ ಹೊಲಕ್ಕೆ ಇಳಿಯುತ್ತದೆ. ಊರಿನ ಹೊಲಗಳಿಗೆ ತಾಗಿದ ಜಾಲಿಯನ್ನು ಬೇರುಸಹಿತ ತೆಗೆದು, ಮತ್ತೆ ಚಿಗುರದಂತೆ ನೋಡಿಕೊಂಡರೆ ಹತ್ತು ಕೋವಿ ಮಾಡದ ಕೆಲಸ ಆಗುತ್ತದೆ. ಉದ್ಯೋಗ ಖಾತರಿಯ ಕೂಲಿಗೆ ಇದಕ್ಕಿಂತ ಒಳ್ಳೆಯ ಕೆಲಸ ಯಾವುದು?

ಎರಡನೆಯದು, ಬೇಲಿ. ಒಬ್ಬೊಬ್ಬರ ಹೊಲಕ್ಕಲ್ಲ, ಐವತ್ತು ನೂರು ಎಕರೆಯ ಗುಂಪಿಗೆ ಒಂದು ಸೌರಬೇಲಿ, ಅದನ್ನು ನೋಡಿಕೊಳ್ಳಲು ಸರದಿ. ಕಂಬದಿಂದ ನೇರ ಕರೆಂಟು ಎಳೆದ ತಂತಿ ಬೇಲಿಯಲ್ಲ, ಕೊಲೆ. ಅದಕ್ಕೆ ಬಿದ್ದು ಸಾಯುವವರಲ್ಲಿ ರೈತರ ಮಕ್ಕಳೂ ಇದ್ದಾರೆ. ಮೂರನೆಯದು, ನಮ್ಮ ಹಿರಿಯರ ಕುಸುಬೆ. ಜೋಳದ ಸುತ್ತ, ಶೇಂಗಾದ ಸುತ್ತ ಮುಳ್ಳುಕುಸುಬೆಯ ಅಂಚು ಹಾಕುವುದು ಈ ಸೀಮೆಯ ಹಳೆಯ ಪದ್ಧತಿ. ಒತ್ತಾಗಿ ಬಿತ್ತಿದ ನಾಲ್ಕು ಸಾಲು ಕುಸುಬೆ ಹಂದಿಯ ಮೂತಿಗೂ ಮೂಗಿಗೂ ಅಡ್ಡಿ ಎಂದು ಹೈದರಾಬಾದಿನ ಕೃಷಿ ವಿಜ್ಞಾನಿಗಳೂ ಶಿಫಾರಸು ಮಾಡಿದ್ದಾರೆ. ಹಂದಿಗೆ ಕಣ್ಣು ಮಂದ, ಮೂಗು ಚುರುಕು. ಬೆಳಕಿಗಿಂತ ವಾಸನೆ, ಮುಳ್ಳುಗಳಿಗೆ ಅದು ಹಿಂಜರಿಯುತ್ತದೆ. ಕುಸುಬೆಯಿಂದ ಎಣ್ಣೆಯೂ ಬರುತ್ತದೆ. ಗುಂಡಿನಿಂದ ಏನು ಬರುತ್ತದೆ?

ನಾಲ್ಕನೆಯದು, ಹಣ. ಕಾಡುಪ್ರಾಣಿಗಳಿಂದಾಗುವ ಬೆಳೆಹಾನಿಯನ್ನು ಮುಂಗಾರು 2026ರಿಂದ ಫಸಲ್ ಬಿಮಾ ಯೋಜನೆಯ ವ್ಯಾಪ್ತಿಗೆ ತರುವುದಾಗಿ ಕೇಂದ್ರ ಕೃಷಿ ಸಚಿವಾಲಯ 2025ರ ನವೆಂಬರಿನಲ್ಲಿ ಪ್ರಕಟಿಸಿತು. ಯಾವ ಪ್ರಾಣಿ, ಯಾವ ಪ್ರದೇಶ ಎಂದು ಪಟ್ಟಿ ಮಾಡುವ ಹೊಣೆ ರಾಜ್ಯದ್ದು. ಹಾನಿಯಾದ 72 ಗಂಟೆಯೊಳಗೆ ಚಿತ್ರಸಹಿತ ದೂರು ಕೊಡಬೇಕು. ಕಾಡಂಚಿನ ಜಿಲ್ಲೆಗಳ ಹೆಸರು ಬರೆದು ಬಯಲಿನ ತಾಲ್ಲೂಕುಗಳನ್ನು ಮರೆಯುವುದು ನಮ್ಮ ಆಡಳಿತದ ಹಳೆಯ ಚಾಳಿ. ಸಿರುಗುಪ್ಪ, ಕುರುಗೋಡು ತಾಲ್ಲೂಕುಗಳ ಹೆಸರು ಆ ಪಟ್ಟಿಯಲ್ಲಿ ಇರುವಂತೆ ಗ್ರಾಮಸಭೆಗಳು ಠರಾವು ಮಾಡಬೇಕು. ನಮ್ಮ ಬಳಗವೂ ಅದಕ್ಕೆ ದನಿಗೂಡಿಸಬೇಕು.

ಇಷ್ಟಾದರೂ ಕೆಲವೊಮ್ಮೆ ಪ್ರಾಣಿಯನ್ನು ಕೊಲ್ಲಲೇಬೇಕಾಗುತ್ತದೆಯೇ? ಆಗಬಹುದು, ನಾನು ಅದನ್ನು ಅಲ್ಲಗಳೆಯುವುದಿಲ್ಲ. ಅದಕ್ಕೆ ವನ್ಯಜೀವಿ ಕಾಯ್ದೆಯ 11ನೆಯ ಕಲಮಿನಲ್ಲಿ ದಾರಿಯಿದೆ: ಲಿಖಿತ ಆದೇಶ, ಕಾರಣ, ಹೊಣೆಗಾರಿಕೆ. ಕೊಲ್ಲುವುದಾದರೆ ತರಬೇತಾದ ಕೈ, ಪ್ರಮಾಣಿತ ಗುಂಡು, ಹಿಂದೆ ಯಾರೂ ಇಲ್ಲದ ಜಾಗ, ಬಿದ್ದ ಪ್ರಾಣಿಯ ಲೆಕ್ಕ ಇರಬೇಕು. ಆ ದಾರಿ ನಿಧಾನವಾಗಿದೆ, ಅರ್ಜಿ ಕಡತದಲ್ಲಿ ಕೊಳೆಯುತ್ತದೆ ಎಂಬ ದೂರು ನಿಜ. ಹಾಗಾದರೆ ಹೋರಾಟ ಅದನ್ನು ಚುರುಕುಗೊಳಿಸುವುದಕ್ಕೆ ಆಗಲಿ. ಕಚೇರಿಯ ವಿಳಂಬಕ್ಕೆ ಕುರಿಗಾರನ ಮಗು, ಹದ್ದು, ಎರೆಭೂತ ದಂಡ ತೆರಬೇಕಾಗಿಲ್ಲ.

ಬಳಗದ ಮಿತ್ರರಲ್ಲಿ ನನ್ನ ವಿನಂತಿ ಇಷ್ಟು. ನಿಮ್ಮ ಊರಿನಲ್ಲಿ ಎರಕ ಹೊಯ್ಯುವವರು ಇದ್ದರೆ ಪೊಲೀಸರಿಗೆ ಹೇಳುವ ಮೊದಲು ಅವರ ಜೊತೆ ಒಮ್ಮೆ ಕುಳಿತು ಮಾತನಾಡಿ. ಅವರ ಅಂಗಳದ ಮಕ್ಕಳ ರಕ್ತಪರೀಕ್ಷೆಯಿಂದ ಮಾತು ಆರಂಭಿಸಿ. ಅವರ ಬೆಳೆನಷ್ಟದ ಅರ್ಜಿಯನ್ನು ನೀವೇ ಬರೆದುಕೊಡಿ.

ಗಣಿಯಿಂದ ಹೊರಡುವಾಗ ಆ ಹುಡುಗನ ನೋಟುಬುಕ್ಕನ್ನು ಮತ್ತೆ ಕೇಳಿ ಪಡೆದೆ. ಆಳದ ಅಂಕಣದ ಪಕ್ಕದಲ್ಲಿ ಒಂದು ಗೆರೆ ಎಳೆದು, ಮೇಲೆ ‘ತಾಗಿಯೂ ಸಿಗದೆ ಹೋದವು’ ಎಂದು ಬರೆದು ಕೊಟ್ಟೆ. “ಹೊಸದಾಗಿ ಹೊಡೆಯುವುದು ಬೇಡ. ಹೊಡೆದದ್ದರಲ್ಲಿ ನೆನಪಿರುವಷ್ಟನ್ನು ತುಂಬು, ಸಾಕು” ಎಂದೆ. ಅವನು ಆ ಖಾಲಿ ಅಂಕಣವನ್ನು ಬಹಳ ಹೊತ್ತು ನೋಡಿದ. ಆಮೇಲೆ ಪೆನ್ನು ಕೇಳಿದ.